ಮೊಳೆಗೆ ನೇತುಹಾಕಿದ ಬೆಲ್ಟ್

ನಮ್ಮ ಅತ್ತಿಗೆ ಬೆಳಗ್ಗೆ ಎದ್ದ ಕೂಡಲೇ ಮಣಿಕಟ್ಟಿಗೆ ಬೆಲ್ಟ್ ಕಟ್ಟಿಕೊಳ್ಳುತ್ತಿದ್ದರು. ರಾತ್ರಿ ಊಟವಾದ ಮೇಲೆ ಅದನ್ನು ಬಿಚ್ಚಿ ಮೊಳೆಗೆ ನೇತುಹಾಕಿ ಮಲಗುತ್ತಿದ್ದರು. ನಡುರಾತ್ರಿ ಬೆರಳು ಜೋಮು ಹಿಡಿದು ಎಚ್ಚರವಾದರೆ, ಮಂಚದ ಅಂಚಿನಲ್ಲಿ ಕುಳಿತು ಕೈ ಕೊಡವುವುದೇ ಕೆಲಸ. ಬೆಲ್ಟ್ ಮಾತ್ರ ಮೊಳೆಯಲ್ಲಿ ಹಾಯಾಗಿ ತೂಗುತ್ತಿತ್ತು. ಕಾರ್ಪಲ್ ಟನಲ್ ಸಿಂಡ್ರೋಮ್‌ಗೆ ನಮ್ಮ ಮನೆಗಳಲ್ಲಿ ನಡೆಯುವ ಉಪಚಾರ ಬಹುಪಾಲು ಹೀಗೇ, ತಲೆಕೆಳಗು.

ಮಣಿಕಟ್ಟಿನ ಎಂಟು ಪುಟ್ಟ ಮೂಳೆಗಳು ಕಾಲುವೆಯಂತೆ ಬಾಗಿ ನಿಂತಿವೆ, ಅದರ ಮೇಲೊಂದು ಗಟ್ಟಿ ಪಟ್ಟಿಯ ಮುಚ್ಚಳ. ಆ ಇಕ್ಕಟ್ಟಿನಲ್ಲೇ ಬೆರಳು ಮಡಿಸುವ ಒಂಬತ್ತು ಹುರಿಗಳೂ ಮೀಡಿಯನ್ ನರವೂ ಹಾದುಹೋಗಬೇಕು. ಮಣಿಕಟ್ಟು ಹಿಂದಕ್ಕೆ ಬಾಗಲಿ, ಮುಂದಕ್ಕೆ ಮಡಿಚಲಿ, ಒಳಗಿನ ಒತ್ತಡ ಏರಿ ನರ ಅದುಮಿಕೊಳ್ಳುತ್ತದೆ, ಜೋಮು ಅದರಿಂದಲೇ. ಹಗಲಲ್ಲಾದರೆ ನೋವಾದಾಗ ಕೈಯನ್ನು ನಾವೇ ಸರಿಸಿಕೊಳ್ಳುತ್ತೇವೆ. ನಿದ್ದೆಯಲ್ಲಿ ಅದನ್ನು ಮಡಿಚಿ ಕೆನ್ನೆಯಡಿ ಇಟ್ಟುಕೊಂಡರೆ ಹೇಳುವವರು ಯಾರು? ಬೆಲ್ಟ್ ಬೇಕಾದದ್ದು ಆಗ.

ಬೆಲ್ಟಿನಲ್ಲೂ ಒಂದು ಐಬಿದೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಹಲವು ಬೆಲ್ಟುಗಳೊಳಗಿನ ಅಲ್ಯೂಮಿನಿಯಂ ಪಟ್ಟಿ ಕೈಯನ್ನು ಹಿಂದಕ್ಕೆ ಎತ್ತಿ ಹಿಡಿಯುವಂತೆ ಬಾಗಿರುತ್ತದೆ. ಅತ್ತಿಗೆಯ ಬೆಲ್ಟಿನ ಪಟ್ಟಿಯನ್ನು ಹೊರಗೆಳೆದು ಮೇಜಿನ ಮೇಲಿಟ್ಟೆ, ದೋಣಿಯ ಹಾಗೆ ತೊನೆಯಿತು. 1994ರಲ್ಲೇ ಅಮೆರಿಕದ ವೈದ್ಯರು ಎರಡು ಬಗೆಯನ್ನೂ ಹೋಲಿಸಿ ನೋಡಿದ್ದರು: 20 ಡಿಗ್ರಿ ಎತ್ತಿ ಕಟ್ಟಿದ್ದಕ್ಕಿಂತ ನೆಟ್ಟಗೆ ಕಟ್ಟಿದ್ದರಿಂದಲೇ ಹೆಚ್ಚು ಆರಾಮ. ಪಟ್ಟಿಯನ್ನು ಅಂಗೈಯಿಂದ ಒತ್ತಿ ನೆಟ್ಟಗೆ ಮಾಡಿ ಮತ್ತೆ ತೂರಿಸಲು ಒಂದು ನಿಮಿಷ ಸಾಕು. ಮಾರುವವರು ಇದನ್ನು ಹೇಳುವುದಿಲ್ಲ.

ಇನ್ನು ‘ನರದ ಮಾತ್ರೆ’. ಬಿ6 ಜೀವಸತ್ವದಿಂದ ಈ ತೊಂದರೆ ವಾಸಿಯಾಗುತ್ತದೆಂಬ ನಂಬಿಕೆ ಪರೀಕ್ಷೆಗಳಲ್ಲಿ ನಿಲ್ಲಲಿಲ್ಲ. ಅತಿಯಾದರೆ ಅದೇ ಬಿ6 ನರಕ್ಕೆ ಪೆಟ್ಟು ಕೊಟ್ಟು ಜೋಮು ತರುತ್ತದೆ! ಚೀಟಿಯಿಲ್ಲದೆ ತಿಂಗಳುಗಟ್ಟಲೆ ನುಂಗುವವರು ಇದನ್ನೊಮ್ಮೆ ಯೋಚಿಸಬೇಕು. ಅದರ ಬದಲು ಸಕ್ಕರೆ, ಥೈರಾಯ್ಡ್ ಪರೀಕ್ಷೆ ಮಾಡಿಸಿದರೆ ದುಡ್ಡು ದಂಡವಾಗದು, ಸಕ್ಕರೆ ಕಾಯಿಲೆ, ಥೈರಾಯ್ಡ್ ಕೊರತೆ ಎರಡೂ ಈ ತೊಂದರೆಗೆ ದಾರಿ ಮಾಡುತ್ತವೆ. ಬಸುರಿಯರಿಗೂ ಬರುತ್ತದೆ, ಹೆರಿಗೆಯ ನಂತರ ಸಾಮಾನ್ಯವಾಗಿ ಇಳಿಯುತ್ತದೆ. ಕಂಪ್ಯೂಟರಿನ ಮೇಲೆ ಹೊರಿಸುವ ಆರೋಪಕ್ಕೆ ಪುರಾವೆ ತೆಳು. ಬಲ ಹಾಕಿ ಮತ್ತೆ ಮತ್ತೆ ಮಾಡುವ ಕೈಗೆಲಸ, ಕಲ್ಲು ಕೊರೆಯುವಂಥ ಅದುರುವ ಯಂತ್ರ ಹಿಡಿಯುವ ಕೆಲಸ, ಇವುಗಳ ಮೇಲಿನ ಆರೋಪ ಗಟ್ಟಿ. ಆದರೆ ನಮ್ಮ ಚರ್ಚೆಯೆಲ್ಲ ಮೌಸ್ ಹಿಡಿದವರದ್ದೇ.

ಬೆಲ್ಟನ್ನು ಹೊಗಳಿ ಅಟ್ಟಕ್ಕೇರಿಸುವುದೂ ಬೇಡ. ನೆದರ್‌ಲ್ಯಾಂಡ್ಸ್‌ನಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹದಿನೆಂಟು ತಿಂಗಳ ಬಳಿಕ ಶಸ್ತ್ರಚಿಕಿತ್ಸೆಯಾದವರಲ್ಲಿ ಶೇ. 90 ಮಂದಿ ಸುಧಾರಿಸಿದ್ದರೆ, ಬೆಲ್ಟ್ ಕಟ್ಟಿದವರಲ್ಲಿ ಶೇ. 75. ಆ ಗುಂಪಿನ ಹಲವರೂ ಅಷ್ಟರಲ್ಲಿ ಶಸ್ತ್ರಚಿಕಿತ್ಸೆಗೆ ಹೋಗಿದ್ದರು. ಆರಂಭದ ಹಂತಕ್ಕೆ, ಕೆಲವು ವಾರ ನೋಡುವುದಕ್ಕೆ ಬೆಲ್ಟ್ ಅಗ್ಗದ, ಅಪಾಯವಿಲ್ಲದ ಸಾಧನ, ಅಷ್ಟೇ.

ಹೆಬ್ಬೆರಳು, ತೋರುಬೆರಳು, ನಡುಬೆರಳು ಜುಮ್ಮೆಂದು ಕಿರುಬೆರಳು ಮಾತ್ರ ಸುಮ್ಮನಿದ್ದರೆ ಮೀಡಿಯನ್ ನರದ ಮೇಲೇ ಸಂಶಯ. ಹೆಬ್ಬೆರಳ ಬುಡದ ಮಾಂಸ ತಗ್ಗಾಗಿದ್ದರೆ, ಅಂಗಿಯ ಗುಂಡಿ ಹಾಕಲು ಬೆರಳು ಸೋಲುತ್ತಿದ್ದರೆ, ಬೆಲ್ಟಿನ ಅಂಗಡಿ ದಾಟಿ ನೇರ ವೈದ್ಯರ ಬಳಿಗೆ ಹೋಗಿ.