ಪಾಠದ ಕೋಣೆಗೆ ಇಳಕಲ್ ಸೀರೆ

ಬೋಧನಾಭ್ಯಾಸದ ದಿನಗಳಲ್ಲಿ ಸೀರೆ ಕಡ್ಡಾಯ ಎನ್ನುವ ಬಿ.ಇಡಿ. ಕಾಲೇಜುಗಳು ನಮ್ಮಲ್ಲಿ ಹಲವು. ಕಡ್ಡಾಯ ನನಗೆ ಒಪ್ಪಿಗೆಯಿಲ್ಲ; ಆದರೆ ಆ ನೆಪದಲ್ಲಿ ಪೆಟ್ಟಿಗೆಯಿಂದ ಹೊರಬರುವ ಇಳಕಲ್ ಸೀರೆಯ ಮೇಲೆ ತೀರದ ಪ್ರೀತಿ. ಬಾಗಲಕೋಟೆ ಜಿಲ್ಲೆಯ ಈ ನೇಯ್ಗೆಯ ಜೀವವಿರುವುದು ಸೆರಗು ಕೂಡುವ ಜಾಗದಲ್ಲಿ. ಒಡಲಿನ ಹಾಸು ಹತ್ತಿಯದು, ಸೆರಗಿನದು ಕೆಂಪು ರೇಷ್ಮೆಯದು. ಎರಡರ ಎಳೆಗಳನ್ನೂ ಕುಣಿಕೆ ಕುಣಿಕೆಯಾಗಿ ಕೋದು ಬೆಸೆಯುತ್ತಾರೆ. ಇದೇ ತೋಪು ತೆನೆ. ಹಾಗಾಗಿ ಕೈಮಗ್ಗದಲ್ಲಿ ಒಂದೊಂದು ಸೀರೆಗೂ ಹಾಸು ಬೇರೆಯಾಗಿಯೇ ಸಿದ್ಧವಾಗಬೇಕು. ಸಾಲಾಗಿ ನೇಯ್ದು ಕತ್ತರಿಸುವಂತಿಲ್ಲ. ಎಂಥ ತಾಳ್ಮೆ ಅದು! ಕೆಂಪು ಸೆರಗಿನ ಮೇಲೆ ಬಿಳಿ ಕೋಟೆಸಾಲು, ಜೋಳದ ತೆನೆ, ಹಣಿಗೆ. ಹತ್ತಿಯ ಒಡಲು ಬಿಸಿಲಿಗೆ ತಂಪು, ಹಿಡಿದ ನೆರಿಗೆ ಜಾರುವುದಿಲ್ಲ. ದಿನವಿಡೀ ನಿಂತು ಪಾಠ ಹೇಳಿ, ಕೈಯೆತ್ತಿ ಕರಿಹಲಗೆಯ ಮೇಲೆ ಬರೆಯುವ ಹುಡುಗಿಗೆ ಬೇಕಾದುದೂ ಇಷ್ಟೇ.