ಪಿನ್ನಿನ ಸುತ್ತ ಒಂದಿಷ್ಟು ತುಕ್ಕು

ಹಳೆಯ ಕಾಮಿಕ್ಸ್ ಪುಸ್ತಕ ಕೈಗೆ ಬಂದರೆ ನಾನು ಮೊದಲು ನೋಡುವುದು ಅದರ ಬೆನ್ನನ್ನು. ಮುಖಪುಟ ಮಡಿಚಿಕೊಳ್ಳುವ ಅಂಚಿನಲ್ಲಿ ಪಿನ್ನು ಹೊಡೆದ ಎರಡು ಜಾಗಗಳಿರುತ್ತವಲ್ಲ, ಪುಸ್ತಕದ ಜಾತಕವೆಲ್ಲ ಅಲ್ಲಿಯೇ ಬರೆದಿರುತ್ತದೆ. ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ಹಿಡಿದರೆ ನುಣುಪು ಕಾಗದದ ಮೇಲೆ ನವಿರಾದ ಬಿಳಿ ಗೆರೆಗಳು ಏಳುತ್ತವೆ. ಯಾರೋ ಓದುವ ಆತುರದಲ್ಲಿ ಪುಸ್ತಕವನ್ನು ಹಿಂದಕ್ಕೆ ಮಡಿಚಿದಾಗೆಲ್ಲ ಬಣ್ಣ ಒಂದಿಷ್ಟು ಬಿರಿದು ಕೆಳಗಿನ ಬಿಳುಪು ಇಣುಕಿದೆ. ಪಿನ್ನಿನ ಸುತ್ತ ಬೆಲ್ಲದ ಬಣ್ಣದ ತುಕ್ಕು ಹರಡಿದ್ದರೆ, ಈ ಪುಸ್ತಕ ಯಾವುದೋ ಮಳೆಗಾಲದಲ್ಲಿ ಗೋಡೆಗೆ ಒರಗಿಕೊಂಡಿತ್ತು ಎಂದೇ ಲೆಕ್ಕ.

ಇಂಥ ಗೆರೆಗಳನ್ನು ಎಣಿಸುವುದನ್ನೇ ಕಸುಬು ಮಾಡಿಕೊಂಡವರು ಅಮೆರಿಕದಲ್ಲಿದ್ದಾರೆ. 2000ದಲ್ಲಿ ಶುರುವಾದ, ಈಗ ಫ್ಲೋರಿಡಾದ ಸರಸೋಟಾದಲ್ಲಿರುವ ಸಿಜಿಸಿ ಸಂಸ್ಥೆಗೆ ಪುಸ್ತಕ ಕಳಿಸಿದರೆ ಪರೀಕ್ಷಕರು ಹಾಳೆ ಹಾಳೆ ತಿರುವಿ, ಅರ್ಧದಿಂದ ಹತ್ತರವರೆಗಿನ ಅಂಕಗಳಲ್ಲಿ ಒಂದನ್ನು ಕೊಟ್ಟು, ಪಾರದರ್ಶಕ ಪ್ಲಾಸ್ಟಿಕ್ ಕವಚದೊಳಗೆ ಭದ್ರಮಾಡಿ ವಾಪಸು ಕಳಿಸುತ್ತಾರೆ. ಹಾಳೆ ಬಿಳಿಯೋ, ಕೆನೆಬಣ್ಣವೋ ಎನ್ನುವುದೂ ಚೀಟಿಯ ಮೇಲಿರುತ್ತದೆ. ಹರಿದದ್ದನ್ನು ಅಂಟಿಸಿ, ಬಣ್ಣ ತೀಡಿ ರಿಪೇರಿ ಮಾಡಿದ ಪುಸ್ತಕಕ್ಕೆ ನೇರಳೆ ಚೀಟಿ. 1938ರ ಆಕ್ಷನ್ ಕಾಮಿಕ್ಸ್ ಮೊದಲ ಸಂಚಿಕೆಯಲ್ಲಿ ಸೂಪರ್‌ಮ್ಯಾನ್ ಹುಟ್ಟಿದ, ಅದರ 9.0 ಅಂಕದ ಪ್ರತಿಯೊಂದು 2014ರಲ್ಲಿ 32 ಲಕ್ಷ ಡಾಲರಿಗೆ ಹೋಯಿತು. ದುಡ್ಡಿನ ಮಾತು ಅಲ್ಲಿಗಿರಲಿ. ನನಗೆ ರುಚಿಸುವುದು ಆ ಪರೀಕ್ಷಕರ ಸಾವಧಾನ. ಒಂದು ಪುಸ್ತಕವನ್ನು ಅಷ್ಟು ಹೊತ್ತು, ಅಷ್ಟು ಹತ್ತಿರದಿಂದ ಯಾರಾದರೂ ನೋಡುತ್ತಾರೆ ಎನ್ನುವುದೇ ಸಂತೋಷದ ಸಂಗತಿ.

ಆ ಕಣ್ಣನ್ನು ತುಮಕೂರಿನ ಗುಜರಿ ಅಂಗಡಿಗೆ ತಂದು ನೋಡಿ, ಎಂಥ ಸುಖ! ಕಾಮಿಕ್ಸ್ ವಿಷಯದಲ್ಲಿ ಕನ್ನಡಿಗರೇನು ಹಿಂದೆ ಬಿದ್ದವರಲ್ಲ. ಅಮರ ಚಿತ್ರಕಥೆ ಮೊದಲು ಬಂದದ್ದೇ ಕನ್ನಡದಲ್ಲಿ, 1965ರಲ್ಲಿ. ಇಂಡಿಯಾ ಬುಕ್ ಹೌಸಿನ ಬೆಂಗಳೂರು ಕಚೇರಿಯಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಉಮೇದಿನಿಂದ. ಆ ಮೊದಲ ಹತ್ತರಲ್ಲಿ ನಮ್ಮ ಪುರಾಣ ಇರಲಿಲ್ಲ. ಸಿಂಡ್ರೆಲಾ, ಪಿನೋಕಿಯೊ, ಅಲ್ಲಾವುದ್ದೀನ್ ಇದ್ದರು. ಅನಂತ ಪೈ ಅವರ ‘ಕೃಷ್ಣ’ನಿಗೆ ಹನ್ನೊಂದನೆಯ ಸಂಖ್ಯೆ ಸಿಕ್ಕಿದ್ದು ಅದಕ್ಕೇ.

ಆ ‘ಕೃಷ್ಣ’ನ ಕಾಲದ ಅಚ್ಚನ್ನು ನಿಧಾನವಾಗಿ ನೋಡಬೇಕು. ಖರ್ಚು ಉಳಿಸಲು ಆರಂಭದ ಸಂಚಿಕೆಗಳ ಚೌಕಗಳನ್ನು ಹಳದಿ, ನೀಲಿ, ಹಸಿರು, ಇಷ್ಟರಲ್ಲೇ ಮುಗಿಸುತ್ತಿದ್ದರು. ಬೇರೆ ಯಾವ ದೇವರಾಗಿದ್ದರೂ ಬಡವಾಗಿಬಿಡುತ್ತಿದ್ದ. ಕೃಷ್ಣನಿಗೋ, ಮೈಗೆ ನೀಲಿ, ಪೀತಾಂಬರಕ್ಕೆ ಹಳದಿ, ಹಿಂದೆ ಬೃಂದಾವನಕ್ಕೆ ಹಸಿರು, ಜಿಪುಣತನವೇ ಅಲಂಕಾರವಾಯಿತು. ರಾಮ್ ವಾಯೀರ್ಕರ್ ಅವರ ಕುಂಚದ ಗೆರೆ ತೋಳಿನ ತಿರುವಿನಲ್ಲಿ ದಪ್ಪಗಾಗಿ, ಬೆರಳ ತುದಿಗೆ ಬರುವಷ್ಟರಲ್ಲಿ ತೆಳ್ಳಗಾಗಿ, ಕೊಳಲಿನ ಬಳಿ ಹಗುರಾಗಿ ನಿಂತುಬಿಡುತ್ತದೆ.

ಇಂದ್ರಜಾಲ ಕಾಮಿಕ್ಸಿನ ಸೊಗಸೇ ಬೇರೆ. ಟೈಮ್ಸ್ ಆಫ್ ಇಂಡಿಯಾ ಬಳಗ 1964ರ ಮಾರ್ಚಿನಲ್ಲಿ ಫ್ಯಾಂಟಮ್ ಕಥೆಯಿಂದ ಶುರುಮಾಡಿ 1990ರವರೆಗೆ ನಡೆಸಿದ ಮಾಲೆ ಅದು, ಕನ್ನಡದಲ್ಲೂ ಬಂತು. ಫ್ಯಾಂಟಮ್ ಕಥೆಗಾರ ಲೀ ಫಾಕ್ ಬರೆದ ‘ಬೆಂಗಾಲಾ’ ಎಲ್ಲಿ ನಮ್ಮ ಬಂಗಾಳ ಅನ್ನಿಸೀತೋ ಎಂದು ಫ್ಯಾಂಟಮ್‌ನ ಆ ನಾಡಿಗೆ ಡೆಂಕಾಲಿ ಎಂದು ಹೆಸರು ಬದಲಿಸಿದ ಜಾಣರು! ಬಿ. ಗೋವಿಂದ್ ಬರೆದ ಮುಖಪುಟಗಳಲ್ಲಿ ಕಾಡಿನ ಕತ್ತಲೆಗೂ ಒಂದು ಮಿರುಗು ಇದೆ. ಒಳಗೆ ಬಣ್ಣ ಆಗಾಗ ಗೆರೆ ದಾಟಿ ಹೊರಗೆ ಚೆಲ್ಲಿರುತ್ತದೆ. ತುಟಿಯ ಕೆಂಪು ಗಲ್ಲಕ್ಕೆ ಇಳಿದಿರುತ್ತದೆ. ಅದು ಅಚ್ಚಿನ ಮನೆಯಲ್ಲೇ ಆದದ್ದು. ಓದಿದವರ ಕೈಯಿಂದ ಆದ ಗಾಯದಷ್ಟು ಬಿಗಿಯಾಗಿ ಅದಕ್ಕೆ ಅಂಕ ಕಳೆಯಲು ನನಗೆ ಮನಸ್ಸು ಬರುವುದಿಲ್ಲ.

ಕುಣಿಗಲ್ಲಿನ ಗೆಳೆಯರೊಬ್ಬರಿಗೆ ಇದ್ಯಾವುದೂ ಮುಖ್ಯವಲ್ಲ. ಟಿಪ್ಪುವಿನ ಕಾಲದಿಂದ ಕುದುರೆ ಸಾಕಿದ ಊರಿನವರು. ಫ್ಯಾಂಟಮ್‌ನ ಬಿಳಿ ಕುದುರೆಯ ಮೇಲೇ ಅವರ ಕಣ್ಣು. ಸೈ ಬ್ಯಾರಿ ಬರೆದ ಕುದುರೆಗೆ ಮೊಣಕಾಲು ಸರಿಯಾಗಿದೆ, ವಿಲ್ಸನ್ ಮೆಕಾಯ್ ಬರೆದದ್ದು ಮರದ ಕುದುರೆ ಎನ್ನುತ್ತಾರೆ. ಮೆಕಾಯ್ ಗೆರೆಯ ಮುಗ್ಧತೆ ನನಗೆ ಇಷ್ಟ, ಆದರೆ ಕುದುರೆಯ ವಿಷಯಕ್ಕೆ ಕುಣಿಗಲ್ಲಿನವರ ಜೊತೆ ವಾದ ಮಾಡಬಾರದು.

ನನ್ನಲ್ಲಿರುವ ಇಂದ್ರಜಾಲಗಳಲ್ಲಿ ಅತ್ಯಂತ ಚೆಲುವಾದದ್ದು ಒಂದು ಬೈಂಡ್ ಸಂಪುಟ. ಹಿಂದಿನ ಬಾಡಿಗೆ ಲೈಬ್ರರಿಗಳು ಸಂಚಿಕೆಗಳನ್ನು ಒಟ್ಟು ಸೇರಿಸಿ ಹೊಲಿಸುತ್ತಿದ್ದವು. ಬೈಂಡರು ಮೂರೂ ಅಂಚು ಕತ್ತರಿಸಿದ್ದಾನೆ, ದಬ್ಬಳದಿಂದ ತೂತು ಹೊಡೆದಿದ್ದಾನೆ, ಮೈಲುತುತ್ತ ಬೆರೆಸಿದ ಮೈದಾ ಅಂಟು ಬಳಿದಿದ್ದಾನೆ. ಸರಸೋಟಾದ ಕಣ್ಣಿಗೆ ಇವು ಒಂದೊಂದೂ ಅಪರಾಧ. ಆದರೆ ತೆರೆದು ನೋಡಿ. ನ್ಯೂಸ್‌ಪ್ರಿಂಟ್ ಹಳದಿಯಾಗುವುದು ಅದರೊಳಗಿನ ಮರದ ಲಿಗ್ನಿನ್‌ಗೆ ಗಾಳಿ-ಬೆಳಕು ತಾಗಿದಾಗ. ಬಿಗಿಯಾದ ಹೊಲಿಗೆಯೊಳಗೆ ಎರಡೂ ನುಸುಳಿಲ್ಲ. ಅಂಚಿನಲ್ಲಿ ಮಾತ್ರ ಕಂದು ಪಟ್ಟಿ. ಅಲ್ಲಿಂದ ಒಳಗೆ ಹೋದಂತೆ ಹಾಳೆ ತಿಳಿಯಾಗುತ್ತಾ, ಕೆನೆಯಾಗುತ್ತಾ, ಹೊಲಿಗೆಯ ಬುಡದಲ್ಲಿ ಇನ್ನೂ ಅಚ್ಚ ಬಿಳಿ. ಮೈಲುತುತ್ತದ ದಯೆಯಿಂದ ಹುಳುವಿನ ಒಂದು ತೂತೂ ಇಲ್ಲ. ಹೊರಗೆ 2.0, ಒಳಗೆ 8.0!

ಬಿಡಿ ಸಂಚಿಕೆಗಳಲ್ಲಿ ನನ್ನ ಒಲವು 6.0ರ ಆಸುಪಾಸಿನದಕ್ಕೆ. 9.8 ಎಂದರೆ ಯಾರೂ ಓದದೆ ಎತ್ತಿಟ್ಟ ಪುಸ್ತಕ. ಗೌರವಿಸುತ್ತೇನೆ, ಸಲಿಗೆ ಬೆಳೆಯುವುದಿಲ್ಲ. 2.0ಕ್ಕೆ ಇಳಿದರೆ ಬಣ್ಣಗಳೇ ಸೋತಿರುತ್ತವೆ. ಆರರಲ್ಲಿ ಹೊಳಪು ಮುಕ್ಕಾಲು ಉಳಿದಿರುತ್ತದೆ, ಮೂಲೆಗಳು ಒಂಚೂರು ಮೊಂಡಾಗಿರುತ್ತವೆ, ಬೆನ್ನಿನಲ್ಲಿ ನಾಲ್ಕಾರು ಗೆರೆ. ಕೈತೊಳೆದು ಬಂದು ಓದುವ ಶಿಸ್ತಿನ ಹುಡುಗಿಯೊಬ್ಬಳ ಮನೆಯಲ್ಲಿ ಬೆಳೆದ ಪುಸ್ತಕ. ಸೆಲೋ ಟೇಪ್ ಹಚ್ಚಿದ್ದರೆ ಮಾತ್ರ ನನಗೆ ಕರುಣೆಯಿಲ್ಲ. ಅದರ ಅಂಟು ಇಳಿದು ಮಾಡುವ ಎಣ್ಣೆಗಂದು ಕಲೆಗೆ ಮದ್ದಿಲ್ಲ.

ನಾನಿನ್ನೂ ಕೈಯಲ್ಲಿ ಹಿಡಿದು ನೋಡಬೇಕಾದದ್ದು ಆ 1965ರ ಕನ್ನಡ ಸಿಂಡ್ರೆಲಾ. ಮೊನ್ನೆ ಗುಬ್ಬಿಯ ಕಡೆಯಿಂದ ಫೋನು ಬಂತು. ತಾತನ ಟ್ರಂಕಿನಲ್ಲಿ ಮಕ್ಕಳ ಪುಸ್ತಕಗಳಿವೆಯಂತೆ, ಮೇಲೆ ವೀರಣ್ಣನವರ ಕಂಪನಿಯ ನಾಟಕದ ಹಾಡಿನ ಪುಸ್ತಕಗಳಂತೆ. ಟ್ರಂಕು ಎಲ್ಲಿಟ್ಟಿದ್ದೀರಿ ಎಂದು ಕೇಳಿದೆ. “ಅಟ್ಟದ ಮ್ಯಾಲೈತೆ ಸಾರ್.” ನೆಲದ ತೇವ, ಗೆದ್ದಲು, ಎರಡೂ ತಪ್ಪಿತು. ಶೀಟಿನ ಮನೆಯಾದರೆ ಕಾವಿಗೆ ಕಾಗದ ಹಪ್ಪಳವಾಗಿರುತ್ತದೆ. ಹೆಂಚಿನ ಮನೆಯೋ, ಶೀಟಿನದೋ ಎಂದೆ. “ಹೆಂಚಿಂದೇ ಸಾರ್. ಯಾಕೆ, ಮನೇನೂ ತಗೊಂತೀರಾ?”