ಹೊಸ ಮನುಷ್ಯ, ಹಳೆಯ ಹೊಸ್ತಿಲು

ಅರಸೀಕೆರೆಯ ಪಕ್ಕದ ಮಾಲೇಕಲ್ಲು ತಿರುಪತಿ ಬೆಟ್ಟದ ಮೆಟ್ಟಿಲು ಹತ್ತುವವರಲ್ಲಿ ಬಹಳ ಮಂದಿ ಹರಕೆ ಹೊತ್ತವರು. ಮಗುವಿನ ಕಾಯಿಲೆ, ಕೂಡಿಬರದ ಮದುವೆ, ಮುಗಿಯದ ಜಮೀನಿನ ವ್ಯಾಜ್ಯ, ಹೀಗೆ ಒಬ್ಬೊಬ್ಬರ ಮಡಿಲಲ್ಲಿ ಒಂದೊಂದು. ಕಷ್ಟಪಟ್ಟು ಹತ್ತಿದವರ ಮೇಲೆ ಸ್ವಾಮಿ ಕಣ್ಣು ಬಿಡುತ್ತಾನೆ ಎಂಬುದು ಜನರ ಲೆಕ್ಕ. ಶ್ರೀವೈಷ್ಣವ ಆಚಾರ್ಯರು ಈ ಲೆಕ್ಕವನ್ನೇ ಶತಮಾನಗಳ ಕಾಲ ಜಗ್ಗಾಡಿದ್ದಾರೆ. ಕೋತಿಮರಿ ತಾಯಿಯನ್ನು ತಾನೇ ಅವಚಿ ಹಿಡಿಯಬೇಕು. ಬೆಕ್ಕಿನ ಮರಿಯನ್ನು ತಾಯಿಯೇ ಬಾಯಲ್ಲಿ ಕಚ್ಚಿಕೊಂಡು ಹೋಗುತ್ತದೆ. ದೇವರ ಮುಂದೆ ನಾವು ಯಾವ ಮರಿ? ವಡಗಲೆಯವರು ಕೋತಿಯ ಕಡೆ, ತೆಂಗಲೆಯವರು ಬೆಕ್ಕಿನ ಕಡೆ.

ಕ್ರೈಸ್ತ ಧರ್ಮದ ಒಳಗೂ ಇದೇ ಜಗಳವಿದೆ. ಬೈಬಲ್ಲಿನಲ್ಲಿ ಎಫೆಸದವರಿಗೆ ಬರೆದ ಪತ್ರ ಅದಕ್ಕೆ ಕೊಡುವ ಉತ್ತರದಲ್ಲಿ ಒಂದು ಕ್ರಮವಿದೆ. ಒಳ್ಳೆಯ ಕೆಲಸದಿಂದ ರಕ್ಷಣೆ ಸಿಗುವುದಿಲ್ಲ, ಅದು ಪುಕ್ಕಟೆ ಬಂದದ್ದು. ಆದರೆ ಹಾಗೆ ಹೊಸದಾಗಿ ಸೃಷ್ಟಿಯಾದವನು ಇರುವುದೇ ಒಳ್ಳೆಯ ಕೆಲಸಕ್ಕಾಗಿ. ಬೆಕ್ಕು ಮರಿಯನ್ನು ಕಚ್ಚಿಕೊಂಡು ಬಂದದ್ದು ನಿಜ, ಕೆಳಗಿಟ್ಟ ಮೇಲೆ ಮರಿ ನಡೆಯಬೇಕು. ಕನ್ನಡ ಬೈಬಲ್ಲು ಇದಕ್ಕೆ ‘ನೂತನ ಸೃಷ್ಟಿ’, ‘ಸತ್ಕ್ರಿಯೆ’ ಎಂಬ ಎರಡು ಮಾತುಗಳನ್ನು ರೂಢಿಗೆ ತಂದಿತು. ಇನ್ನೂರು ವರ್ಷಗಳಲ್ಲಿ ಕನ್ನಡನಾಡಿನ ಮಿಷನ್ ಪರಂಪರೆ ಈ ಎರಡು ಮಾತುಗಳನ್ನು ಹೇಗೆ ಬಾಳಿತು ಎಂಬುದು ಈ ಲೇಖನದ ಪ್ರಶ್ನೆ.

ಹಾಸನ ಸೀಮೆಯಿಂದಲೇ ಶುರುಮಾಡಬಹುದು. 1792ರಲ್ಲಿ ಭಾರತಕ್ಕೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬುವಾ, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸಂಸ್ಥಾನದಲ್ಲಿ ನೆಲೆನಿಂತರು. ಬಿಳಿ ನಿಲುವಂಗಿ ತೊಟ್ಟು, ಮಾಂಸ ಬಿಟ್ಟು, ಊರಿನವರ ಹಾಗೆ ಬಾಳಿದರು. ಹಾಸನದ ಬಳಿ ಕ್ರೈಸ್ತ ಒಕ್ಕಲುಗಳ ನೆಲೆಗಳನ್ನು ಕಟ್ಟಿದರು, ಸಿಡುಬಿಗೆ ದೇವಿ ಹಾಕಿಸುವ ಕೆಲಸಕ್ಕೆ ಮೈಕೊಟ್ಟರು. ಸತ್ಕ್ರಿಯೆಗೆ ಏನೂ ಕೊರತೆಯಿರಲಿಲ್ಲ. ನೂತನ ಸೃಷ್ಟಿಯಲ್ಲಿ ಮಾತ್ರ ಅವರಿಗೆ ನಂಬಿಕೆ ಉಳಿಯಲಿಲ್ಲ. 1823ರಲ್ಲಿ ಊರಿಗೆ ಮರಳಿದ ವರ್ಷವೇ ಪ್ರಕಟವಾದ ಪತ್ರಗಳಲ್ಲಿ, ಹಿಂದೂಗಳನ್ನು ನಿಜವಾದ ಕ್ರೈಸ್ತರನ್ನಾಗಿ ಮಾಡುವುದು ಆಗದ ಮಾತು ಎಂದೇ ವಾದಿಸಿದರು. ಜಾತಿಯ ಕಟ್ಟು ದೀಕ್ಷಾಸ್ನಾನಕ್ಕಿಂತ ಗಟ್ಟಿ ಎಂಬುದು ಮೂವತ್ತೊಂದು ವರ್ಷದ ಅನುಭವ ಅವರಿಗೆ ಕಲಿಸಿದ ಪಾಠ.

ಬಾಸೆಲ್ ಮಿಷನ್ನಿನವರದು ಇದಕ್ಕೆ ತದ್ವಿರುದ್ಧ ಹಟ. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಮಂಗಳೂರಿಗೆ ಬಂದರು. ಅವರನ್ನು ಬೆಳೆಸಿದ್ದು ದಕ್ಷಿಣ ಜರ್ಮನಿಯ ಭಕ್ತಿಪಂಥ: ಮನುಷ್ಯ ಒಳಗಿನಿಂದ ಬದಲಾಗಬೇಕು, ಬದಲಾದದ್ದು ನಡತೆಯಲ್ಲಿ ಕಾಣಬೇಕು. ಜಾತಿಯೊಡನೆ ರಾಜಿಯಿಲ್ಲ, ಹೆಂಡವಿಲ್ಲ, ಕೋಲ ನೇಮಗಳಿಲ್ಲ. 1844ರಲ್ಲಿ ಸಾರಸ್ವತ ಯುವಕ ಆನಂದರಾವ್ ಕೌಂಡಿನ್ಯ ಕ್ರೈಸ್ತನಾದಾಗ ಮಂಗಳೂರು ಅಲ್ಲೋಲಕಲ್ಲೋಲವಾಯಿತು. ಸಭೆ ಸೇರಿದವರಲ್ಲಿ ಬಹುಪಾಲು ಬಿಲ್ಲವರು. ಹೆಂಡ ಇಳಿಸುವ ಮೂರ್ತೆ ಕಸುಬು ಬಿಡಬೇಕೆಂದಾಗ ಅವರ ಒಲೆ ಉರಿಯುವುದು ಹೇಗೆ? ಕೂಡುಕುಟುಂಬದಿಂದ ಹೊರಬಿದ್ದವರಿಗೆ ಗೇಣಿ ಭೂಮಿಯೂ ಇಲ್ಲ, ನೆಂಟರೂ ಇಲ್ಲ.

ಉತ್ತರವಾಗಿ ಹುಟ್ಟಿದ್ದು ಕಾರ್ಖಾನೆ. 1851ರಲ್ಲಿ ಹಾಲರ್ ನೇಯ್ಗೆಯನ್ನು ಹೊಸ ಹಾದಿಗೆ ತಂದರು. ಖಾಕಿ ಬಣ್ಣದ ಕೀರ್ತಿಯನ್ನು ಅವರಿಗೆ ಸಲ್ಲಿಸುವವರಿದ್ದಾರೆ. 1865ರಲ್ಲಿ ಪ್ಲೆಬ್‌ಸ್ಟ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಕನ್ನಡನಾಡಿನ ಎಷ್ಟೋ ಮಾಡುಗಳ ಮೇಲಿನ ಮಂಗಳೂರು ಹೆಂಚು ಹೀಗೆ ಒಂದು ದೈವಶಾಸ್ತ್ರದ ಇಕ್ಕಟ್ಟಿನಿಂದ ಹುಟ್ಟಿದ್ದು. ಜಾತಿಗೆ ಅಂಟಿದ ಕಸುಬಿನಿಂದ ಬಿಡುಗಡೆ, ಕೈಗೆ ಕೂಲಿ, ಮಕ್ಕಳಿಗೆ ಶಾಲೆ. ಇದನ್ನು ಯಾರೂ ಹಗುರವಾಗಿ ಕಾಣಬಾರದು.

ತೊಡಕು ಶುರುವಾದದ್ದೂ ಇಲ್ಲಿಯೇ. ದುಡಿಮೆ ಕೊಡುವವರು, ಶೀಲ ಅಳೆಯುವವರು, ಪಾಪ ಪುಣ್ಯ ಹೇಳುವವರು ಒಬ್ಬರೇ ಆದರು. ನೂತನ ಸೃಷ್ಟಿಗೆ ಒಂದು ಬೇಲಿ, ಒಂದು ಗೇಟು ಬಂತು. ಅದಕ್ಕೆ ಕಾಂಪೌಂಡು ಎಂಬ ಹೆಸರಾಯಿತು. ಹೊತ್ತಿಗೆ ಸರಿಯಾಗಿ ಬರುವುದು, ಶುಚಿಯಾಗಿರುವುದು, ಹೇಳಿದ್ದನ್ನು ಕೇಳುವುದು ಇವೇ ಸತ್ಕ್ರಿಯೆಗಳಾದವು. ಪುಕ್ಕಟೆ ಬಂದ ಕೃಪೆಯ ಮನೆಗೆ ಹಿತ್ತಲ ಬಾಗಿಲಿನಿಂದ ಮೆಟ್ಟಿಲು ಮತ್ತೆ ಬಂತು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸರಕಾರ ಜರ್ಮನ್ ನಂಟಿನ ಈ ಉದ್ದಿಮೆಗಳನ್ನು ವಶಪಡಿಸಿಕೊಂಡು ಬೇರೆ ಕಂಪನಿಗೆ ಒಪ್ಪಿಸಿದಾಗ, ಧಣಿಯೂ ಗುರುವೂ ಆಗಿದ್ದ ಸಂಸ್ಥೆ ಒಟ್ಟಿಗೇ ಕಳಚಿಬಿತ್ತು.

ಹಳೆ ಮೈಸೂರಿನ ವೆಸ್ಲಿಯನ್ ಮಿಷನ್ ಕಾರ್ಖಾನೆಗಿಂತ ಶಾಲೆ, ಅಚ್ಚುಕೂಟ, ಆಸ್ಪತ್ರೆಗಳ ಹಾದಿ ಹಿಡಿಯಿತು. 1887ರಲ್ಲಿ ‘ವೃತ್ತಾಂತ ಪತ್ರಿಕೆ’ ಹೊರಟಿತು. 1906ರಲ್ಲಿ ಮೈಸೂರಿನಲ್ಲಿ ಹೋಲ್ಡ್ಸ್‌ವರ್ತ್ ಆಸ್ಪತ್ರೆ ಬಾಗಿಲು ತೆರೆಯಿತು. ಹಾಸನದಲ್ಲಿ ರೆಡ್‌ಫರ್ನ್ ಆಸ್ಪತ್ರೆ ಬಂತು. ಜನ ಇಂಗ್ಲಿಷ್ ಹೆಸರುಗಳನ್ನು ಬದಿಗಿಟ್ಟು ‘ಮಿಷನ್ ಆಸ್ಪತ್ರೆ’ ಎಂದರು. ಹೆರಿಗೆಗೆ ಬಂದ ಹೆಂಗಸು ಯಾವ ದೇವರಿಗೆ ಹರಕೆ ಹೊತ್ತಿದ್ದಾಳೆ ಎಂಬುದರ ಮೇಲೆ ಆರೈಕೆ ನಿಲ್ಲದ ಕಡೆ ಸತ್ಕ್ರಿಯೆ ಬೇಲಿ ದಾಟುತ್ತದೆ. ಈ ಪರಂಪರೆ ಅತ್ಯಂತ ಕ್ರೈಸ್ತವಾಗಿರುವುದು ತನ್ನವರಲ್ಲದವರಿಗೆ ಪ್ರತಿಫಲ ಕೇಳದೆ ದುಡಿದ ಹೊತ್ತಿನಲ್ಲಿ.

ಇನ್ನು ಬೈಬಲ್ಲಿನಲ್ಲಿ ನೂತನ ಸೃಷ್ಟಿಯ ಜೊತೆಗೇ ಬರುವ ‘ಹಳೆಯದು ಅಳಿಯಿತು’ ಎಂಬ ಮಾತು. ಏನು ಅಳಿಯಬೇಕು? ಪಾಪವೋ, ಭಾಷೆಯೋ, ಅಜ್ಜಿ ಹೇಳಿದ ಗಾದೆಯೋ? ಮಿಷನ್ನಿನ ಬೋಧನೆ ಇವನ್ನು ಒಂದೇ ಮೂಟೆಗೆ ಕಟ್ಟಿ ಎಸೆಯುವ ಕಡೆಗೇ ವಾಲಿತು. ಬಾಸೆಲ್ ಮಿಷನ್ನಿನ ಒಳಗೇ ಇದ್ದ ಕಿಟ್ಟೆಲ್ ಮೂಟೆ ಬಿಚ್ಚಿ ನೋಡಿದರು. 1894ರ ಅವರ ನಿಘಂಟಿನಲ್ಲಿ ಗಾದೆಗಳೂ ಪುರಾಣಗಳೂ ಹಳಗನ್ನಡ ಕಾವ್ಯಗಳೂ ಗೌರವದಿಂದ ಕುಳಿತಿವೆ.

ಅವರಿಗಿಂತ ಒಂದು ಹೆಜ್ಜೆ ಮುಂದೆ ಹೋದವರು ರೆವರೆಂಡ್ ಉತ್ತಂಗಿ ಚನ್ನಪ್ಪ. ಲಿಂಗಾಯತ ಮೂಲದ ಕ್ರೈಸ್ತ ಮನೆತನದಲ್ಲಿ 1881ರಲ್ಲಿ ಹುಟ್ಟಿದ ಈ ಪಾದ್ರಿ ಹಳ್ಳಿ ಹಳ್ಳಿ ಅಲೆದು ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು. 1949ರ ಕಲಬುರಗಿ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಕಿಟ್ಟೆಲ್ ಹೊರಗಿನಿಂದ ಬಂದು ಪ್ರೀತಿಸಿದವರು. ಉತ್ತಂಗಿ ಬೇಲಿಯೊಳಗೆ ಬೆಳೆದು ಹಿಂದಿರುಗಿ ಬಂದವರು. ಹೊಸ ಮನುಷ್ಯ ಹಳೆಯ ಹೊಸ್ತಿಲನ್ನು ಒದೆಯಬೇಕಿಲ್ಲ, ಅದನ್ನು ತೊಳೆದು ದೀಪವಿಡಬಹುದು ಎಂದು ಅವರು ವಾದಿಸಲಿಲ್ಲ, ಬದುಕಿ ತೋರಿಸಿದರು. ಭಕ್ತನಾದವನ ಪೂರ್ವಾಶ್ರಯ ಕೇಳಬಾರದು ಎಂದ ಶರಣರ ನಾಡಿನಲ್ಲಿ, ಕಾಯಕವನ್ನೂ ದಾಸೋಹವನ್ನೂ ಬಲ್ಲ ಜನಕ್ಕೆ, ನೂತನ ಸೃಷ್ಟಿ ಪರದೇಶದ ಸರಕೇನೂ ಆಗಿರಲಿಲ್ಲ. ಅದನ್ನು ಜರ್ಮನ್ ಇಲ್ಲವೇ ಇಂಗ್ಲಿಷ್ ಪೆಟ್ಟಿಗೆಯಿಂದಲೇ ತೆಗೆದುಕೊಡಬೇಕೆಂದು ನಂಬಿದ್ದು ಈ ಪರಂಪರೆಯ ದೊಡ್ಡ ನಷ್ಟ.

ಆದರೆ ಹೊಸ್ತಿಲನ್ನು ಹೊಗಳುವಾಗ ಎಚ್ಚರ ಬೇಕು. ಆ ಹೊಸ್ತಿಲ ಹೊರಗೇ ನಿಲ್ಲಿಸಲ್ಪಟ್ಟವರಿಗೆ ಅಲ್ಲಿ ದೀಪವಿಡುವ ಮಾತು ಹಾಸ್ಯ. ದಲಿತ ಕ್ರೈಸ್ತನಿಗೆ ‘ಹಳೆಯದು ಅಳಿಯಿತು’ ಎಂಬುದು ನಷ್ಟದ ಮಾತಲ್ಲ, ಉಸಿರು. 1950ರ ರಾಷ್ಟ್ರಪತಿ ಆದೇಶ ಅವನಿಗೆ ಪರಿಶಿಷ್ಟ ಜಾತಿಯ ಸ್ಥಾನ ಕೊಡುವುದಿಲ್ಲ. ಸಿಖ್ಖರನ್ನು 1956ರಲ್ಲಿ, ಬೌದ್ಧರನ್ನು 1990ರಲ್ಲಿ ಸೇರಿಸಿಕೊಂಡ ಕಾನೂನು, ಅವನ ಮಟ್ಟಿಗೆ ಜಾತಿ ಕಳಚಿದೆ ಎಂದು ಭಾವಿಸುತ್ತದೆ. ಊರು ಹಾಗೆ ಭಾವಿಸುವುದಿಲ್ಲ. ಮದುವೆಯ ಮಾತು ಬಂದಾಗ ಸಭೆಯ ಒಳಗೂ ಪೂರ್ವಾಶ್ರಯದ ವಿಚಾರಣೆ ನಡೆಯುತ್ತದೆ. ದುಬುವಾ ಸೋತು ಬರೆದದ್ದು ಪೂರ್ತಿ ಸುಳ್ಳಾಗಿಲ್ಲ. ಬಾಸೆಲ್ಲಿನವರ ಹಟ ಪೂರ್ತಿ ಗೆದ್ದೂ ಇಲ್ಲ.

ನನ್ನ ತೀರ್ಪು ಇಷ್ಟು. ಶಾಲೆ, ಆಸ್ಪತ್ರೆ, ಹೆಂಚು, ನಿಘಂಟುಗಳನ್ನು ಎಣಿಸಿ ತನ್ನ ಹಿರಿಮೆ ಹೇಳುವ ಅಭ್ಯಾಸವನ್ನು ಈ ಪರಂಪರೆ ಬಿಡಬೇಕು. ಆ ಪಟ್ಟಿ ದೊಡ್ಡದು, ನಿಜವಾದದ್ದು; ಆದರೆ ಎಣಿಕೆ ಶುರುವಾದ ಕೂಡಲೇ ಸತ್ಕ್ರಿಯೆ ಹರಕೆಯಾಗುತ್ತದೆ, ಕೃಪೆ ಕೂಲಿಯಾಗುತ್ತದೆ. ಕನ್ನಡ ಕ್ರೈಸ್ತರು ಹೊಸ ಸೃಷ್ಟಿಯೋ ಅಲ್ಲವೋ ಎಂಬುದಕ್ಕೆ ಸಾಕ್ಷಿ ಕಟ್ಟಡಗಳಲ್ಲಿಲ್ಲ. ಒಂದೇ ಪಾತ್ರೆಯಿಂದ ಪ್ರಭುಭೋಜನ ಹಂಚಿಕೊಂಡ ಎರಡು ಮನೆಗಳು ಹೆಣ್ಣು ಕೊಟ್ಟು ತರುವಾಗ ಕುಲ ಕೇಳುತ್ತವೆಯೋ ಇಲ್ಲವೋ ಎಂಬುದರಲ್ಲಿದೆ.